ನಮ್ಮ ತೋಟದ ಉಷ್ಣಾಂಶ ಯಾರ ಸೊತ್ತು?

ಬರುವ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಹವಾಮಾನ ಉಪಕರಣಗಳ ಖರೀದಿಯ ವಿಷಯ ಸೇರಿರುವುದನ್ನು ಸದಸ್ಯ ಬಾಂಧವರು ಗಮನಿಸಿರಬಹುದು. ಖಾಸಗಿ ಕಂಪೆನಿಯೊಂದು ನಮ್ಮ ತೋಟಗಳಲ್ಲಿ ತನ್ನ ಯಂತ್ರಗಳನ್ನು ನಿಲ್ಲಿಸಿ, ಉಷ್ಣಾಂಶ, ಗಾಳಿಯ ತೇವಾಂಶ, ಮಳೆ ಇವುಗಳ ಅಂಕಿಗಳನ್ನು ಮೊಬೈಲಿಗೆ ಕಳುಹಿಸಲು ಮುಂದೆ ಬಂದಿದೆ. ಯಂತ್ರದ ಬೆಲೆಯಲ್ಲದೆ ವರ್ಷ ವರ್ಷವೂ ಚಂದಾ ಕಟ್ಟಬೇಕು. ಆಡಳಿತ ಮಂಡಳಿಯಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತು ಬಂದಿವೆ. ಸಭೆಯ ದಿನ ಊಟದ ಹೊತ್ತಿಗೆ ಮುಂಚೆ ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ನನ್ನ ಅಭಿಪ್ರಾಯವನ್ನು ಮುಂಚಿತವಾಗಿಯೇ ಇಲ್ಲಿ ಬರೆಯುತ್ತಿದ್ದೇನೆ. ಇದು ಕಾರ್ಯದರ್ಶಿಯ ಸ್ವಂತ ಅಭಿಪ್ರಾಯವೇ ಹೊರತು ಮಂಡಳಿಯ ತೀರ್ಮಾನವಲ್ಲ.

ಕರಾರಿನ ಕರಡನ್ನು ಎರಡು ಸಲ ಓದಿದೆ. ಬೆಲೆಯ ವಿಚಾರ ಹಾಗಿರಲಿ, ಚೌಕಾಸಿಗೆ ಬಗ್ಗದ ಬೆಲೆಯನ್ನು ನಾನು ಈವರೆಗೆ ಕಂಡಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯ ಪುಟದ ಒಂದು ಸಣ್ಣ ಷರತ್ತು. ತೋಟದಲ್ಲಿ ದಾಖಲಾಗುವ ಅಂಕಿಗಳೆಲ್ಲ ಕಂಪೆನಿಯ ಸೊತ್ತು. ಚಂದಾ ನಿಲ್ಲಿಸಿದ ಬೆಳೆಗಾರನಿಗೆ ಹಿಂದಿನ ವರ್ಷಗಳ ದಾಖಲೆಯೂ ಕಾಣಿಸದು. ಯಂತ್ರ ನಿಲ್ಲುವುದು ನಮ್ಮ ನೆಲದಲ್ಲಿ, ಅಳೆಯುವುದು ನಮ್ಮ ಮರದ ನೆರಳಿನ ತಂಪನ್ನು, ಲೆಕ್ಕದ ಪುಸ್ತಕ ಮಾತ್ರ ಬೇರೆಯವರ ಕಪಾಟಿನಲ್ಲಿ! ಯಂತ್ರದಿಂದ ಹೊರಡುವ ರೇಡಿಯೋ ಸಂಕೇತವನ್ನು ನಾವೇ ಹಿಡಿದು ಓದಿಕೊಳ್ಳಬಹುದೇ ಎಂದು ಕೇಳಿದೆ. ಅದು ಗೂಢಲಿಪಿಯಲ್ಲಿದೆ, ಸಾಧ್ಯವಿಲ್ಲ ಎಂದರು. ಬೆಳೆಗಾರರಿಗೆ ಅದೆಲ್ಲ ಅರ್ಥವಾಗುವ ಸಂಗತಿಯೂ ಅಲ್ಲ ಎಂದು ಸೇರಿಸಿದರು.

ಈ ಎರಡನೆಯ ಮಾತಿಗೆ ಉತ್ತರವಾಗಿಯೇ ಈ ಲೇಖನ ಸ್ವಲ್ಪ ಉದ್ದವಾಗುತ್ತಿದೆ.

ದಾಖಲೆ ಇಡುವುದು ನಮಗೇನೂ ಹೊಸದಲ್ಲ. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಅಳೆದು ಇಂಚು-ಸೆಂಟುಗಳಲ್ಲಿ ಬರೆದಿಡುವ ಪದ್ಧತಿ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ನಡೆದು ಬಂದಿದೆ. ಸರ್ಕಾರ ಮಿಲಿಮೀಟರಿಗೆ ಬದಲಾಗಿ ಎಷ್ಟೋ ಕಾಲವಾದರೂ ನಮ್ಮ ಬಾಯಲ್ಲಿ ಹೂಮಳೆ ಇನ್ನೂ 'ಒಂದು ಇಂಚು ಹತ್ತು ಸೆಂಟು' ಎಂದೇ ಬರುತ್ತದೆ. ಹೂಮಳೆ ಎಂದು ಬಂತು, ಬ್ಯಾಕಿಂಗ್ ಮಳೆ ಎಷ್ಟು ದಿನ ತಡವಾಯಿತು ಎಂಬುದನ್ನು ಆ ಪುಸ್ತಕ ತೆರೆದು ನೋಡಿಯೇ ಫಸಲಿನ ಅಂದಾಜು ಮಾಡುತ್ತೇವೆ. ಅಡಿಕೆಯವರು ಈ ವಿಷಯದಲ್ಲಿ ತುಸು ಉದಾಸೀನರು ಎಂದರೆ ಯಾರೂ ಸಿಟ್ಟಾಗಬಾರದು. ನಾನೂ ಅರ್ಧ ಅಡಿಕೆಯವನೇ. ಮೈಸೂರು ಸರ್ಕಾರದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಪ್ರಕಟಿಸಿದ ಅಧ್ಯಯನ, ಅನಂತರ ಮಲೆನಾಡಿನಲ್ಲಿ ಬೋರ್ಡೋ ದ್ರಾವಣ ಮನೆಮಾತಾದದ್ದು, ಇವೆಲ್ಲ ತೋಟಕ್ಕಿಳಿದು ನೋಡಿದ್ದರ ಫಲ. ಮಳೆ ಪುಸ್ತಕ ಹಳೆಯ ನೋಟುಪುಸ್ತಕವೇ ಇರಲಿ, ಹುಳ ತಿಂದದ್ದೇ ಇರಲಿ, ಮನೆಯ ಕಪಾಟಿನಲ್ಲಿತ್ತು. ಅದನ್ನು ತೆರೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಈಗ ಅಗ್ಗದ ಸೆನ್ಸರಿನ ವಿಚಾರಕ್ಕೆ ಬರೋಣ. ಪೇಟೆಯಲ್ಲೂ ಅಂಚೆ ಮೂಲಕವೂ ದೊರೆಯುವ ಒಂದು ಸಾಮಾನ್ಯ ಉಪಕರಣವಿದೆ. ಮನೆಯೊಳಗೆ ಮೇಜಿನ ಗಡಿಯಾರದಂಥ ಒಂದು ಪರದೆ, ಹೊರಗೆ ಅಂಗೈಯಗಲದ ಒಂದು ಬಿಳಿ ಡಬ್ಬಿ. ಡಬ್ಬಿಗೆ ಎರಡು ಪೆನ್ಸಿಲ್ ಸೆಲ್. ಅದು ಹೊರಗಿನ ಉಷ್ಣಾಂಶ ಮತ್ತು ಗಾಳಿಯ ತೇವಾಂಶವನ್ನು ಅಳೆದು ತಂತಿಯಿಲ್ಲದೆ ಒಳಗಿನ ಪರದೆಗೆ ತಿಳಿಸುತ್ತದೆ. ಡಬ್ಬಿಯೊಂದರ ಬೆಲೆ ಒಂದು ಚೀಲ ರಸಗೊಬ್ಬರಕ್ಕೆ ತುಸು ಹೆಚ್ಚುಕಡಿಮೆ. ಪರದೆಯ ಮೇಲೆ ಈ ಕ್ಷಣದ ಅಂಕಿ ಮಾತ್ರ ಕಾಣುತ್ತದೆ. ನಿನ್ನೆಯದು ಇಲ್ಲ, ಹೋದ ವರ್ಷದ್ದಂತೂ ಇಲ್ಲವೇ ಇಲ್ಲ. ಆದ್ದರಿಂದಲೇ ಬಹುಮಂದಿ ಇದನ್ನು ಆಟಿಕೆ ಎಂದು ತಳ್ಳಿಹಾಕುತ್ತಾರೆ. ಆದರೆ ಡಬ್ಬಿ ಹೇಳುವ ಮಾತನ್ನು ಪರದೆಯೊಂದೇ ಕೇಳಬೇಕೆಂಬ ನಿಯಮವೇನೂ ಇಲ್ಲ. ಅದು ಗಾಳಿಯಲ್ಲಿ ಬಹಿರಂಗವಾಗಿ ಕೂಗುತ್ತಿದೆ. ಕಿವಿಯುಳ್ಳ ಯಾವ ಯಂತ್ರವಾದರೂ ಕೇಳಿ ಬರೆದಿಡಬಹುದು.

ಉಷ್ಣಾಂಶವನ್ನು ರೇಡಿಯೋ ಮೂಲಕ ಕಳುಹಿಸುವುದು ಹಳೆಯ ವಿದ್ಯೆಯೇ. 1929ರಲ್ಲಿ ಫ್ರಾನ್ಸಿನ ರೊಬೇರ್ ಬ್ಯೂರೋ, 1930ರಲ್ಲಿ ರಷ್ಯದ ಪಾವೆಲ್ ಮೊಲ್ಚನೋವ್ ಬಲೂನಿಗೆ ಕಟ್ಟಿ ಆಕಾಶಕ್ಕೆ ಬಿಟ್ಟ ಪೆಟ್ಟಿಗೆಗಳು ಮಾಡಿದ್ದು ಇದನ್ನೇ. ಇಂದಿಗೂ ಪಣಂಬೂರಿನ ಹವಾಮಾನ ಕೇಂದ್ರದಿಂದ ಬಲೂನು ಮೇಲೇರುವುದು ಇದೇ ಕೆಲಸಕ್ಕೆ. ಹೊಸದೆಂದರೆ ಬೆಲೆ ಇಳಿದಿರುವುದು.

ನಮ್ಮ ಸದಸ್ಯರೊಬ್ಬರ ಮಗ, ಡಿಪ್ಲೊಮಾ ಓದುವ ಹುಡುಗ, ರಜೆಗೆ ಊರಿಗೆ ಬಂದಾಗ ಸಂಘದ ಕಚೇರಿಯಲ್ಲಿ ಕುಳಿತು ನನಗೆ ಇದನ್ನು ತೋರಿಸಿಕೊಟ್ಟ. ಬೇಕಾದದ್ದು ಒಂದು ಕಂಪ್ಯೂಟರು ಮತ್ತು ಹೆಬ್ಬೆರಳಿನ ಗಾತ್ರದ ಒಂದು ಯು.ಎಸ್.ಬಿ. ಕಡ್ಡಿ. ಈ ಕಡ್ಡಿಯನ್ನು ತಯಾರಿಸಿದ್ದು ಕಂಪ್ಯೂಟರಿನಲ್ಲಿ ಟಿ.ವಿ. ನೋಡುವುದಕ್ಕೆಂದು. ಅದರೊಳಗಿನ ರಿಯಲ್‌ಟೆಕ್ ಕಂಪೆನಿಯ ಚಿಪ್ಪು ಟಿ.ವಿ.ಯೊಂದನ್ನೇ ಅಲ್ಲ, ಗಾಳಿಯಲ್ಲಿ ಬರುವ ಬೇರೆ ತರಂಗಗಳನ್ನೂ ಇದ್ದಂತೆಯೇ ಕಂಪ್ಯೂಟರಿಗೆ ಒಪ್ಪಿಸಬಲ್ಲದು ಎಂಬುದನ್ನು ಹವ್ಯಾಸಿಗಳು ಕಂಡುಕೊಂಡು, 2012ರ ಹೊತ್ತಿಗೆ ಅದಕ್ಕೆ ಬೇಕಾದ ಪ್ರೋಗ್ರಾಮನ್ನು ಎಲ್ಲರಿಗೂ ಧರ್ಮಾರ್ಥವಾಗಿ ಹಂಚಿದರು. ಅಂದಿನಿಂದ ರೇಡಿಯೋ ಪ್ರಯೋಗಶಾಲೆಯೊಂದು ಅಂಗಿಯ ಜೇಬಿಗೆ ಬಂದಂತಾಯಿತು.

ನಮ್ಮ ಡಬ್ಬಿ 433.92 ಮೆಗಾಹರ್ಟ್ಸ್‌ನಲ್ಲಿ ಸುಮಾರು ನಿಮಿಷಕ್ಕೊಮ್ಮೆ ಮಾತಾಡುತ್ತದೆ. ಮಾತೆಂದರೆ ಆಕಾಶವಾಣಿಯ ಹಾಗೆ ಧ್ವನಿಯಲ್ಲ. ತರಂಗವನ್ನು ಹೊತ್ತಿಸುವುದು, ಆರಿಸುವುದು, ಅಷ್ಟೆ. ಕತ್ತಲಲ್ಲಿ ಗುಡ್ಡದ ಆಚೆ ಬದಿಯಿಂದ ಟಾರ್ಚು ಮಿಣುಕಿಸಿ ಸುದ್ದಿ ತಿಳಿಸಿದ ಹಾಗೆ. ಕಂಪ್ಯೂಟರಿನ ಪರದೆಯ ಮೇಲೆ ಈ ಮಿಣುಕುಗಳನ್ನು ಹಿಗ್ಗಿಸಿ ನೋಡಿದೆವು. ಎಲ್ಲ ಮಿಣುಕುಗಳೂ ಒಂದೇ ಅಳತೆ, ಸೆಕೆಂಡಿನ ಎರಡು ಸಾವಿರದ ಒಂದು ಭಾಗ. ಹಾಗಾದರೆ ಅರ್ಥ ಎಲ್ಲಿದೆ? ಅವುಗಳ ನಡುವಿನ ಕತ್ತಲೆಯಲ್ಲಿದೆ. ಮಿಣುಕಿನ ನಂತರದ ಕತ್ತಲೆ ಒಂದು ಮಿಲಿಸೆಕೆಂಡ್ ಇದ್ದರೆ ಅದು 0. ಎರಡು ಮಿಲಿಸೆಕೆಂಡ್ ಇದ್ದರೆ 1. ನಾಲ್ಕು ಇದ್ದರೆ ಒಂದು ಸಾಲು ಮುಗಿಯಿತೆಂದು ಅರ್ಥ. ಹುಡುಗ ಓದುತ್ತಾ ಹೋದ, ನಾನು ಗ್ರಾಫ್ ಹಾಳೆಯ ಮೇಲೆ ಬರೆಯುತ್ತಾ ಹೋದೆ. ಸಾಲಿಗೆ 36 ಅಂಕಿ. ಅದೇ ಸಾಲು ಹನ್ನೆರಡು ಸಲ. ಇಷ್ಟೂ ಒಂದು ಸೆಕೆಂಡಿನೊಳಗೆ ಮುಗಿದು ಡಬ್ಬಿ ಮತ್ತೆ ಮೌನ. ಎರಡು ಪೆನ್ಸಿಲ್ ಸೆಲ್ಲಿನಲ್ಲಿ ಅದು ತಿಂಗಳುಗಟ್ಟಲೆ ನಡೆಯುವುದು ಹೀಗೆ.

ನಮ್ಮ ಗ್ರಾಫ್ ಹಾಳೆಯ ಒಂದು ಸಾಲನ್ನು ಬಿಡಿಸಿ ಬರೆದರೆ ಹೀಗಿತ್ತು:

1011 0010 – 1001 – 0000 1101 0110 – 1111 – 0110 0000

ಮೊದಲ ದಿನ ಇದು ಹೀಗೆ ಬಿಡಿಸಿಕೊಂಡಿರಲಿಲ್ಲ, 36 ಅಂಕಿಗಳ ಮುದ್ದೆಯಾಗಿತ್ತು. ಯಾವ ಅಂಕಿ ಏನು ಹೇಳುತ್ತದೆ ಎಂದು ತಿಳಿಯುವ ಉಪಾಯ ಮಾತ್ರ ಬಹಳ ಸರಳ. ಒಂದು ಸಂಗತಿಯನ್ನು ಬದಲಿಸಿ, ಸಾಲಿನಲ್ಲಿ ಏನು ಬದಲಾಯಿತೆಂದು ನೋಡುವುದು. ಡಬ್ಬಿಯನ್ನು ಅಂಗೈಯಲ್ಲಿ ಹಿಡಿದು ಬಿಸಿ ಮಾಡಿದೆವು. ನಡುವಿನ ಹನ್ನೆರಡು ಅಂಕಿಗಳು ಅಲುಗಾಡಿದವು. ಒದ್ದೆ ಬಟ್ಟೆಯನ್ನು ಹತ್ತಿರ ಹಿಡಿದೆವು. ಕೊನೆಯ ಎಂಟು ಬದಲಾದವು. ಡಬ್ಬಿಯ ಹಿಂದಿನ ಸಣ್ಣ ಕೀಲನ್ನು ಒಂದರಿಂದ ಎರಡಕ್ಕೆ ಸರಿಸಿದೆವು. ಹನ್ನೊಂದು-ಹನ್ನೆರಡನೆಯ ಜಾಗದಲ್ಲಿ 00 ಇದ್ದದ್ದು 01 ಆಯಿತು. ಹಳೆಯ ಸೋರಿದ ಸೆಲ್ಲು ಹಾಕಿದಾಗ ಒಂಬತ್ತನೆಯ ಅಂಕಿ 1 ಹೋಗಿ 0 ಆಯಿತು. ಅದು ಸೆಲ್ಲಿನ ಆರೋಗ್ಯ. 1111 ಮಾತ್ರ ಏನು ಮಾಡಿದರೂ ಕದಲಲಿಲ್ಲ, ಅದು ಗಡಿಕಲ್ಲಿನ ಹಾಗೆ. ಮೊದಲಿನ ಎಂಟು ಅಂಕಿ ಡಬ್ಬಿಯ ಗುರುತು, ನಮ್ಮ ಸದಸ್ಯತ್ವ ಸಂಖ್ಯೆ ಇದ್ದಂತೆ.

0 ಮತ್ತು 1 ಮಾತ್ರ ಇರುವ ಲೆಕ್ಕವನ್ನು ಕಂಡು ಗಾಬರಿಯಾಗಬೇಕಿಲ್ಲ. ನಮ್ಮ ಹಿರಿಯರು ಅಕ್ಕಿ ಅಳೆದದ್ದೇ ಈ ಲೆಕ್ಕದಲ್ಲಿ. ಎರಡು ಚಟಾಕು ಅರೆಪಾವು, ಎರಡು ಅರೆಪಾವು ಪಾವು, ಎರಡು ಪಾವು ಅಚ್ಚೇರು, ಎರಡು ಅಚ್ಚೇರು ಸೇರು. ಪ್ರತಿಯೊಂದು ಮಾನವೂ ಹಿಂದಿನದರ ಎರಡರಷ್ಟು. ಸಾಲಿನ ಬಲತುದಿಯ ಅಂಕಿ ಚಟಾಕು ಎಂದಿಟ್ಟುಕೊಳ್ಳಿ. ಎಡಕ್ಕೆ ಸರಿದಂತೆ ಮಾನ ಇಮ್ಮಡಿಯಾಗುತ್ತದೆ. 1 ಇದ್ದಲ್ಲಿ ಆ ಮಾನ ತುಂಬಿ ಸುರಿಯಿರಿ, 0 ಇದ್ದಲ್ಲಿ ಬಿಡಿ. ಉಷ್ಣಾಂಶದ ಹನ್ನೆರಡು ಅಂಕಿಗಳಾದ 0000 1101 0110 ಎಂಬುದನ್ನು ಹೀಗೆ ಅಳೆದರೆ 128, 64, 16, 4, 2 ಸೇರಿ 214. ಡಿಗ್ರಿಯ ಹತ್ತನೇ ಒಂದು ಭಾಗದ ಲೆಕ್ಕವಾದ್ದರಿಂದ 21.4 ಡಿಗ್ರಿ ಸೆಲ್ಸಿಯಸ್. ಕೊನೆಯ 0110 0000 ಎಂದರೆ 64 ಮತ್ತು 32 ಸೇರಿ 96. ಗಾಳಿಯ ತೇವಾಂಶ ಶೇಕಡಾ 96. ಮನೆಯ ಪರದೆಯನ್ನು ನೋಡಿದೆವು. ಅಲ್ಲೂ 21.4, ಅಲ್ಲೂ 96. ಬಿ.ಎಸ್‌ಸಿ. ಪರೀಕ್ಷೆ ಪಾಸಾದ ದಿನ ಆದಷ್ಟೇ ಸಂತೋಷ ಅಂದೂ ಆಯಿತೆಂದು ಬರೆಯಲು ನನಗೆ ಸಂಕೋಚವಿಲ್ಲ.

ಇನ್ನೊಂದು ಕುತೂಹಲದ ಸಂಗತಿ. ಸೊನ್ನೆಗಿಂತ ಕೆಳಗಿನ ಉಷ್ಣಾಂಶವನ್ನು ಡಬ್ಬಿ ಹೇಗೆ ಹೇಳುತ್ತದೆಂದು ತಿಳಿಯಲು ಅದನ್ನು ಮನೆಯ ಫ್ರಿಜ್ಜಿನ ಮಂಜಿನ ಅರೆಯಲ್ಲಿಟ್ಟೆವು (ಮನೆಯವರ ಅನುಮತಿ ಪಡೆದೇ). ಸಾಲಿನಲ್ಲಿ 4046 ಎಂಬ ವಿಚಿತ್ರ ಸಂಖ್ಯೆ ಬಂತು. ಹನ್ನೆರಡು ಅಂಕಿಗಳ ಸುತ್ತು 4096ಕ್ಕೆ ಮುಗಿಯುತ್ತದೆ. ಅಲ್ಲಿಂದ 50 ಹಿಂದೆ ಎಂದರೆ ಮೈನಸ್ 5.0 ಡಿಗ್ರಿ. ಗಡಿಯಾರದಲ್ಲಿ 55 ನಿಮಿಷ ಎಂಬುದನ್ನು 'ಗಂಟೆಗೆ ಐದು ಕಮ್ಮಿ' ಎನ್ನುವುದಿಲ್ಲವೇ, ಹಾಗೆ. ಮಲೆನಾಡಿನಲ್ಲಿ ಇದರ ಅಗತ್ಯ ಬಾರದಿರಲಿ.

ನಮ್ಮ ಬರಹ ಮುಗಿದ ಮೇಲೆ ಹುಡುಗ 'ಆರ್‌ಟಿಎಲ್ 433' ಎಂಬ ಪ್ರೋಗ್ರಾಮನ್ನು ಹಾಕಿದ. ಇದೂ ಹವ್ಯಾಸಿಗಳು ಬರೆದು ಉಚಿತವಾಗಿ ಹಂಚಿರುವುದೇ. ಇಂಥ ಇನ್ನೂರಕ್ಕೂ ಹೆಚ್ಚು ಬಗೆಯ ಉಪಕರಣಗಳ ಭಾಷೆ ಅದಕ್ಕೆ ಬರುತ್ತದೆ. ನಮ್ಮ ಡಬ್ಬಿಯದು ಅವರ ಪಟ್ಟಿಯಲ್ಲಿ 'ನೆಕ್ಸಸ್' ಮಾದರಿ. ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಡಬ್ಬಿಗಳೊಳಗೆ ಇದೇ ಭಾಷೆಯಿದೆ. ಮೂರು ದಿನ ನಾವು ತಿಣುಕಿದ್ದನ್ನು ಅದು ಮೂರು ಕ್ಷಣದಲ್ಲಿ ಹೇಳಿತು. ಆದರೂ ಕೈಯಿಂದ ಬಿಡಿಸಿದ್ದು ವ್ಯರ್ಥವಾಯಿತೆಂದು ನನಗನ್ನಿಸುವುದಿಲ್ಲ. ಪ್ರೋಗ್ರಾಮು ಹೇಳಿದ್ದು ಸರಿಯೋ ತಪ್ಪೋ ಎಂದು ನೋಡಲು ನಮ್ಮಲ್ಲೀಗ ಒಂದು ಗ್ರಾಫ್ ಹಾಳೆಯಿದೆ. ಸಾಲಿನಲ್ಲಿ ತಪ್ಪು ಹಿಡಿಯುವ ಅಂಕಿ ಪ್ರತ್ಯೇಕವಾಗಿ ಇಲ್ಲದ್ದರಿಂದ, ಹನ್ನೆರಡು ಸಲ ಬಂದ ಸಾಲುಗಳಲ್ಲಿ ಹೆಚ್ಚಿನವು ಒಂದೇ ಸಮನಾಗಿದ್ದರೆ ಮಾತ್ರ ನಂಬಬೇಕು ಎಂಬುದು ನಮಗೆ ಹೊಳೆದದ್ದೂ ಆ ಹಾಳೆಯಿಂದಲೇ.

ಇಷ್ಟು ಹೇಳಿ, ಇದರ ಕೊರತೆಗಳನ್ನು ಮುಚ್ಚಿಟ್ಟರೆ ನಾನೂ ಮಾರಾಟದವನ ಸಾಲಿಗೆ ಸೇರಿದಂತಾಗುತ್ತದೆ. ಮೊದಲನೆಯದಾಗಿ ದೂರ. ಪೆಟ್ಟಿಗೆಯ ಮೇಲೆ ಎಷ್ಟೇ ಮೀಟರು ಎಂದು ಅಚ್ಚು ಹಾಕಿರಲಿ, ಅದು ಬಯಲಿನ ಲೆಕ್ಕ. ನಮ್ಮಲ್ಲಿ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸು, ಅದರ ಕೆಳಗೆ ಕಾಫಿ, ಆಚೆ ಕಣಿವೆಯಲ್ಲಿ ಅಡಿಕೆ. ಮಳೆಹನಿ ಈ ತರಂಗವನ್ನು ಅಷ್ಟಾಗಿ ತಡೆಯದು, ಆದರೆ ನೆನೆದ ಎಲೆಯ ಗುಂಪು ತಡೆಯುತ್ತದೆ. ನಡುವೆ ಗುಡ್ಡದ ಭುಜ ಬಂದರೆ ಮಾತು ಮುಗಿದಂತೆಯೇ. ಸಂಘದ ಕಚೇರಿಯಲ್ಲಿ ಒಂದು ಕಡ್ಡಿ ಚುಚ್ಚಿ ಹೋಬಳಿಯ ತೋಟಗಳನ್ನೆಲ್ಲ ಕೇಳುತ್ತೇವೆ ಎಂದು ಯಾರಾದರೂ ಭಾವಿಸಿದ್ದರೆ ಅದು ಆಗದ ಮಾತು. ಒಂದೊಂದು ಕಣಿವೆಗೆ ಒಂದು ಮನೆಯಲ್ಲಿ ಕೇಳುವ ಯಂತ್ರ ಇರಬೇಕು. ಕಡ್ಡಿಯ ಜೊತೆ ಬರುವ ಗೇಣುದ್ದದ ಆಂಟೆನಾ ಬಿಟ್ಟು 17 ಸೆಂಟಿಮೀಟರು ತಾಮ್ರದ ತಂತಿಯನ್ನು ನೆಟ್ಟಗೆ ನಿಲ್ಲಿಸಿ, ಮಾಡಿನ ಎತ್ತರಕ್ಕೆ ಏರಿಸಿದರೆ ಸಾಕಷ್ಟು ಅನುಕೂಲವಾಗುತ್ತದೆ. ಈ ತರಂಗದ ಉದ್ದ ಸುಮಾರು 69 ಸೆಂಟಿಮೀಟರು. ಅದರ ಕಾಲುಭಾಗ ಇದು.

ಎರಡನೆಯದು ತೇವಾಂಶ. ಮಳೆಗಾಲದಲ್ಲಿ ವಾರಗಟ್ಟಲೆ ನೆನೆದ ಅಗ್ಗದ ಡಬ್ಬಿ 95ರ ಮೇಲೆ ಏನು ಹೇಳಿದರೂ ಕಣ್ಣು ಮುಚ್ಚಿ ನಂಬಬಾರದು. ಇದನ್ನು ಪರೀಕ್ಷಿಸಲು ಅಡುಗೆಮನೆಯ ಉಪಾಯವೊಂದಿದೆ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ನಾಲ್ಕು ಹನಿ ನೀರು ಬೆರೆಸಿ ಕೆಸರಿನಂತೆ ಮಾಡಿ, ಡಬ್ಬಿಯ ಜೊತೆ ಗಾಳಿಯಾಡದ ಡಬರಿಯಲ್ಲಿಟ್ಟು ಒಂದು ರಾತ್ರಿ ಬಿಡಿ. ಒಳಗಿನ ಗಾಳಿಯ ತೇವಾಂಶ ತಾನಾಗಿ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಡಬ್ಬಿ 75ರ ಆಸುಪಾಸು ಹೇಳಿದರೆ ಸರಿ. 83 ಹೇಳಿದರೆ ಆ ಎಂಟನ್ನು ಪುಸ್ತಕದ ಅಂಚಿನಲ್ಲಿ ಬರೆದಿಡಿ. ಇನ್ನು ಡಬ್ಬಿ ಇಡುವ ಜಾಗ. ಕೊಟ್ಟಿಗೆಯ ಗೋಡೆಗೂ ಸಿಮೆಂಟ್ ಕಣದ ಕಂಬಕ್ಕೂ ಮೊಳೆ ಹೊಡೆದು ತೂಗಿದರೆ ಅದು ಕೊಟ್ಟಿಗೆಯ ಬಿಸಿಯನ್ನೂ ಕಣದ ಬಿಸಿಯನ್ನೂ ಹೇಳೀತೇ ಹೊರತು ತೋಟದ್ದನ್ನಲ್ಲ. ನೆಲದಿಂದ ಐದಡಿ ಎತ್ತರದಲ್ಲಿ, ಬಿಸಿಲೂ ಮಳೆಯೂ ನೇರ ತಾಗದಂತೆ, ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಬೋರಲು ಹಾಕಿ ಒಂದರ ಮೇಲೊಂದು ಸಂದು ಬಿಟ್ಟು ಜೋಡಿಸಿದ ಗೂಡಿನಲ್ಲಿ ಗಾಳಿಯಾಡುವ ಹಾಗೆ ಇಡಬೇಕು.

ಕಾನೂನಿನ ಮಾತೂ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ 433ರಿಂದ 434 ಮೆಗಾಹರ್ಟ್ಸ್‌ನಲ್ಲಿ 10 ಮಿಲಿವ್ಯಾಟ್ ಮೀರದ ಸಣ್ಣ ಉಪಕರಣಗಳಿಗೆ ಲೈಸೆನ್ಸ್ ಬೇಕಿಲ್ಲ. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ 915 ಮೆಗಾಹರ್ಟ್ಸ್‌ನ ಡಬ್ಬಿಗಳಿಗೆ ಈ ವಿನಾಯಿತಿ ಇಲ್ಲ. ಹೊರದೇಶದಲ್ಲಿರುವ ಮಕ್ಕಳಿಂದ ತರಿಸುವವರು ಇದನ್ನು ಗಮನಿಸಬೇಕು.

ಇಷ್ಟೆಲ್ಲ ಮಾಡಿ ಸಿಗುವುದಾದರೂ ಏನು? ಹೋಬಳಿಯ ಹವಾಮಾನ ಕೇಂದ್ರ ಇರುವುದು ರಸ್ತೆ ಬದಿಯ ಬಯಲಿನಲ್ಲಿ. ನಮ್ಮ ಅಡಿಕೆ ಇರುವುದು ರಾತ್ರಿಯ ತಂಪುಗಾಳಿ ಇಳಿದು ನಿಲ್ಲುವ ಕಣಿವೆಯಲ್ಲಿ, ಕಾಫಿ ಇರುವುದು ಅದರ ಮೇಲಿನ ಓರೆಯಲ್ಲಿ. ಒಬ್ಬನೇ ಯಜಮಾನನ ಎರಡು ತಾಕುಗಳ ಹವೆಯೂ ಒಂದೇ ಅಲ್ಲ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರ ರೋಗಾಣುವಿಗೆ 20ರಿಂದ 23 ಡಿಗ್ರಿ ಉಷ್ಣಾಂಶ, ಶೇಕಡಾ 90ಕ್ಕೆ ಮೀರಿದ ತೇವಾಂಶ, ಮಳೆ, ನಡುನಡುವೆ ಎಳೆಬಿಸಿಲು ಇವು ಹಬ್ಬದೂಟವಿದ್ದಂತೆ. ಮೇಲೆ ಬಿಡಿಸಿ ತೋರಿಸಿದ ಸಾಲನ್ನು ಇನ್ನೊಮ್ಮೆ ನೋಡಿ: 21.4 ಮತ್ತು 96. (ಕಾಫಿಯ ಕೊಳೆರೋಗದ ಶಿಲೀಂಧ್ರ ಬೇರೆಯೇ. ನಮ್ಮ ಈ ಕನ್ನಡ ಪದ ಅದರ ಲ್ಯಾಟಿನ್ ಹೆಸರಿನೊಳಗೂ ಸೇರಿ ಹೋಗಿದೆ. ರೋಗದಿಂದಲಾದರೂ ನಮ್ಮ ಭಾಷೆಗೆ ಆ ಮರ್ಯಾದೆ ದೊರಕಿತು.) ಮುಂಗಾರಿಗೆ ಮುಂಚಿನ ಮೊದಲ ಸಿಂಪರಣೆಗೆ ಯಾವ ಸೆನ್ಸರಿನ ಸಲಹೆಯೂ ಬೇಕಿಲ್ಲ, ಅದನ್ನು ಮಾಡಲೇಬೇಕು. ಆದರೆ ನಲವತ್ತು-ನಲವತ್ತೈದು ದಿನಗಳ ನಂತರದ ಎರಡನೆಯದನ್ನು ಯಾವ ತಾಕಿನಿಂದ ಆರಂಭಿಸಬೇಕು, ಮಳೆ ಬಿಡುವು ಕೊಟ್ಟ ಎರಡೇ ದಿನದಲ್ಲಿ ಕೊನೆಗಾರನನ್ನು ಮೊದಲು ಎಲ್ಲಿಗೆ ಕಳುಹಿಸಬೇಕು ಎಂಬಲ್ಲಿ ಈ ಅಂಕಿ ಉಪಯೋಗಕ್ಕೆ ಬರುತ್ತದೆ. ಕೊನೆಗಾರರು ಸಿಗುವುದೇ ದುರ್ಲಭವಾಗಿರುವ ಈ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ಪಲ್ಪ್ ಮಾಡಿದ ಕಾಫಿಯ ಲೋಳೆ ಬಿಡುವುದು ಬೆಚ್ಚಗಿದ್ದರೆ ಬೇಗ, ಚಳಿಯಿದ್ದರೆ ತಡ. ಕಣದ ಕಾಫಿಗೆ ಇಬ್ಬನಿ ಯಾವಾಗ ಇಳಿಯುತ್ತದೆ, ಉಗ್ರಾಣದ ಅಡಿಕೆ ಚೀಲದ ಸುತ್ತ ತೇವ ಎಷ್ಟಿದೆ, ಅಲ್ಲೆಲ್ಲ ಒಂದೊಂದು ಡಬ್ಬಿ ಇಡಬಹುದು.

ಅಡಿಕೆ ಮತ್ತು ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಅಧಿಕೃತ ಮಾಪನ ಕೇಂದ್ರದ ಅಂಕಿಗಳ ಮೇಲೆ. ನಮ್ಮ ಡಬ್ಬಿಯ ಅಂಕಿಯನ್ನು ಅವರು ಒಪ್ಪುವುದಿಲ್ಲ, ಒಪ್ಪಬೇಕೆಂದು ಕೇಳುವುದೂ ಸರಿಯಲ್ಲ. ಆದರೆ ಯಾವ ಯಂತ್ರವಾದರೂ ಒಮ್ಮೊಮ್ಮೆ ಕೆಡುತ್ತದೆ. ಕೆಟ್ಟಿದೆಯೇ ಎಂದು ಪ್ರಶ್ನಿಸಬೇಕಾದರೆ ಕೈಯಲ್ಲಿ ದಿನಾಂಕ ಸಹಿತ ಏನಾದರೂ ಇರಬೇಕಷ್ಟೆ. ಹತ್ತು ತೋಟಗಳ ಮಳೆ ಪುಸ್ತಕ ಮತ್ತು ಡಬ್ಬಿಯ ದಾಖಲೆ ಒಂದೇ ಮಾತು ಹೇಳುತ್ತಿದ್ದರೆ ಅರ್ಜಿಗೆ ತೂಕ ಬರುತ್ತದೆ. ಆ ದಾಖಲೆ ಚಂದಾ ನಿಲ್ಲಿಸಿದ ದಿನವೇ ಮಾಯವಾಗುವಂಥದ್ದಾದರೆ ಏನು ಪ್ರಯೋಜನ?

'ಕಾರ್ಯದರ್ಶಿಗಳಿಗೆ ಆಟದ ಸಾಮಾನು ಸಿಕ್ಕಿದೆ' ಎಂದು ನಿರ್ದೇಶಕರೊಬ್ಬರು ನಕ್ಕರು. ನಾನೂ ನಕ್ಕೆ. ಅವರ ಇನ್ನೊಂದು ಪ್ರಶ್ನೆಗೆ ಮಾತ್ರ ನಗಲಾಗಲಿಲ್ಲ: ಆ ಹುಡುಗ ಓದು ಮುಗಿಸಿ ಬೆಂಗಳೂರಿಗೆ ಹೋದ ಮೇಲೆ ಇದನ್ನು ನೋಡಿಕೊಳ್ಳುವವರಾರು? ಮಲೆನಾಡಿನ ಮನೆಗಳಲ್ಲಿ ಎಲ್ಲ ಯೋಜನೆಗಳೂ ಎಡವುವುದು ಇದೇ ಹೊಸ್ತಿಲಲ್ಲಿ. ನನ್ನ ಉತ್ತರ ಇಷ್ಟೆ. ಹುಡುಗ ಹೋಗುತ್ತಾನೆ, ಕಂಪೆನಿಯೂ ಒಂದು ದಿನ ಬಾಗಿಲು ಹಾಕಬಹುದು. ಆದರೆ 36 ಅಂಕಿಗಳ ಅರ್ಥ ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸುತ್ತದೆ. ಅದನ್ನು ಬರೆದು ಸಂಘದ ರಿಜಿಸ್ಟರಿನ ಮೊದಲ ಪುಟಕ್ಕೆ ಅಂಟಿಸಿದ್ದೇನೆ. ಇಪ್ಪತ್ತು ವರ್ಷದ ನಂತರ ಬರುವ ಇನ್ನೊಬ್ಬ ಹುಡುಗನಿಗೆ, ಅಥವಾ ಹುಡುಗಿಗೆ, ಅಷ್ಟು ಸಾಕು.

ಬಹಿರಂಗವಾಗಿ ಕೂಗುವುದರ ಅಪಾಯವನ್ನೂ ಹೇಳಬೇಕು. ಕಚೇರಿಯ ಯಂತ್ರ ನಮ್ಮ ಡಬ್ಬಿಯೊಂದನ್ನೇ ಅಲ್ಲ, ರಸ್ತೆಯಲ್ಲಿ ಹಾದುಹೋಗುವ ಕೆಲವು ಹೊಸ ಕಾರುಗಳ ಚಕ್ರದ ಗಾಳಿ ಎಷ್ಟಿದೆ ಎಂಬುದನ್ನೂ ಹೇಳತೊಡಗಿತು! ಅದು ನಮಗೆ ಬೇಡದ ಸುದ್ದಿ. ಹೆಸರು ಕೊಟ್ಟ ಸದಸ್ಯರ ಡಬ್ಬಿಯ ಗುರುತಿನ ಸಂಖ್ಯೆಗಳನ್ನಷ್ಟೇ ಬರೆದುಕೊಂಡು ಉಳಿದದ್ದನ್ನು ಬಿಟ್ಟುಬಿಡುವಂತೆ ಮಾಡಿದ್ದೇವೆ. ಹೆಚ್ಚು ಗಂಭೀರವಾದದ್ದು ಪಂಪ್‌ಸೆಟ್ಟಿನ ಮತ್ತು ಗೇಟಿನ ಅಗ್ಗದ ರಿಮೋಟುಗಳು. ಅವುಗಳಲ್ಲಿ ಹಲವು ಇದೇ 433ರಲ್ಲಿ, ಪ್ರತಿ ಸಲವೂ ಬದಲಾಗದ ಒಂದೇ ಸಂಕೇತವನ್ನು ಕಳುಹಿಸುತ್ತವೆ. ಒಮ್ಮೆ ಕೇಳಿಸಿಕೊಂಡವನು ಅದನ್ನೇ ಮತ್ತೆ ಕೂಗಿ ನಿಮ್ಮ ಗೇಟು ತೆಗೆಯಬಹುದು. ಅಲ್ಲಿ ಗೂಢಲಿಪಿ ಬೇಕೇ ಬೇಕು. ಗೂಢಲಿಪಿಯ ವಿಷಯದಲ್ಲಿ ನನಗೆ ದ್ವೇಷವಿಲ್ಲ. ಕಳ್ಳನಿಂದ ಮುಚ್ಚಿಡಲು ಬೀಗ ಹಾಕಿ, ಯಜಮಾನನಿಗೂ ಕೀಲಿಕೈ ಕೊಡದಿರುವುದಕ್ಕೆ ಮಾತ್ರ ನನ್ನ ತಕರಾರು.

ಆದ್ದರಿಂದ ಕಂಪೆನಿಯ ಪ್ರಸ್ತಾಪವನ್ನು ಸಾರಾಸಗಟಾಗಿ ತಿರಸ್ಕರಿಸಿರೆಂದು ನಾನು ಹೇಳುವುದಿಲ್ಲ. ಅವರ ಯಂತ್ರ ಮಳೆಯನ್ನೂ ಎಲೆಯ ಮೇಲಿನ ಒದ್ದೆಯನ್ನೂ ಅಳೆಯುತ್ತದೆ; ನಮ್ಮ ಡಬ್ಬಿಗೆ ಅದು ಬಾರದು. ದೊಡ್ಡ ಹಿಡುವಳಿಯವರಿಗೆ ಅದು ಬೇಕಾಗಬಹುದು. ಆದರೆ ಕರಾರಿಗೆ ಸಹಿ ಹಾಕುವ ಮುನ್ನ ತೋಟದ ಅಂಕಿಗಳು ತೋಟದವನ ಸೊತ್ತು ಎಂದು ಅದರಲ್ಲಿ ಬರೆಸಬೇಕು. ತಿಂಗಳಿಗೊಮ್ಮೆ ಅವುಗಳ ಪ್ರತಿ ಸಂಘಕ್ಕೆ ಬರಬೇಕು, ಚಂದಾ ನಿಂತರೂ ಹಳೆಯದು ನಮ್ಮಲ್ಲಿ ಉಳಿಯಬೇಕು. ಸಂಕೇತದ ಕೀಲಿಯನ್ನು ಕೊಂಡವನಿಗೆ ಕೊಡಬೇಕು. ಇವಕ್ಕೆ ಒಪ್ಪಿದರೆ ಪ್ರಸ್ತಾಪದ ಪರವಾಗಿ ಮೊದಲು ಕೈಯೆತ್ತುವವನು ನಾನೇ. ಒಪ್ಪದಿದ್ದರೆ, ಅದೇ ಹಣದ ಒಂದು ಸಣ್ಣ ಪಾಲಿನಲ್ಲಿ ಕಣಿವೆಗೊಂದರಂತೆ ಕೇಳುವ ಯಂತ್ರ ಇಟ್ಟು, ಇಚ್ಛೆಯುಳ್ಳ ಸಣ್ಣ ಹಿಡುವಳಿದಾರರಿಗೆ ಡಬ್ಬಿಗಳನ್ನು ಸಂಘದ ಮೂಲಕವೇ ಕೊಡಿಸಬೇಕೆಂದು ತಿದ್ದುಪಡಿ ಸೂಚಿಸುತ್ತೇನೆ.

ಕಚೇರಿಯ ಯಂತ್ರ ಮೈಲುತುತ್ತಿನ ದಾಸ್ತಾನು ಕೋಣೆಯ ಪಕ್ಕದ ಮೇಜಿನ ಮೇಲಿದೆ. ಸಭೆಗೆ ಮುಂಚೆ ಬಂದು ನೋಡಬಯಸುವವರು ಸಂತೆಯ ದಿನ ಹನ್ನೊಂದು ಗಂಟೆಯ ಮೇಲೆ ಬರಬಹುದು. ಈಗಾಗಲೇ ಡಬ್ಬಿ ಇಟ್ಟುಕೊಂಡಿರುವ ಸದಸ್ಯರಲ್ಲಿ ಒಂದು ವಿನಂತಿ: ಸೆಲ್ಲು ಬದಲಿಸಿದಾಗ ಈ ಜಾತಿಯ ಡಬ್ಬಿ ತನ್ನ ಗುರುತಿನ ಸಂಖ್ಯೆಯನ್ನೂ ಬದಲಿಸಿಕೊಳ್ಳುತ್ತದೆ; ರಿಜಿಸ್ಟರಿನಲ್ಲಿ ನಿಮ್ಮ ತೋಟ ಅಂದಿನಿಂದ ಅಪರಿಚಿತವಾಗಿಬಿಡುತ್ತದೆ. ಸೆಲ್ಲು ಹಾಕಿದ ದಿನಾಂಕ ಮತ್ತು ಗಂಟೆಯನ್ನು ಒಂದು ಚೀಟಿಯಲ್ಲಿ ಬರೆದು ಹಾಲಿನ ವ್ಯಾನಿನವರ ಕೈಯಲ್ಲಿ ಕಚೇರಿಗೆ ಕಳುಹಿಸಿಕೊಡಬೇಕು.